ಪಾಸಾಗಿದ್ದು ಸರಿ, ಕಲಿತಿದ್ದೇನು?

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2024ರಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂದಿದ್ದೂ ಕರ್ನಾಟಕವೇ. ನಡುವೆ ಮೂರು ಬ್ಯಾಚ್ ಬಂದು ಸೇರಿದವು. ಬಿ.ಕಾಂ. ಹುಡುಗಿ ಓಪನ್ ಎಲೆಕ್ಟಿವ್ ಅಂತ ಇತಿಹಾಸ ತಗೊಂಡಳು, ಬಿ.ಎ. ಹುಡುಗ ಡಿಜಿಟಲ್ ಫ್ಲೂಯೆನ್ಸಿ ಓದಿದ. ನೀತಿ ತರುವಾಗಲೂ ತೆಗೆಯುವಾಗಲೂ ಗಲಾಟೆ ನಡೆದಿದ್ದು ಇದು ಯಾವ ಪಕ್ಷದ್ದು ಅನ್ನೋದರ ಮೇಲೆ. ಆ ಹುಡುಗಿ, ಆ ಹುಡುಗ ನಿಜಕ್ಕೂ ಏನಾದರೂ ಕಲಿತರಾ ಅನ್ನೋದು ಚರ್ಚೆಯ ಹತ್ತಿರಕ್ಕೂ ಬರಲಿಲ್ಲ.

ಓದುವ ಮುಖ್ಯ ವಿಷಯ ಯಾವುದೇ ಇರಲಿ, ಪದವಿ ಪಡೆದವರೆಲ್ಲರಿಗೂ ಒಂದಿಷ್ಟು ತಿಳಿದಿರಬೇಕು ಅಂತ ವಿಶ್ವವಿದ್ಯಾಲಯ ಕಲಿಸುತ್ತದಲ್ಲ, ಅದು ಜನರಲ್ ಎಜುಕೇಶನ್. ನಮ್ಮಲ್ಲಿ ಸಂವಿಧಾನ, ಪರಿಸರ ಅಧ್ಯಯನ, ಭಾಷೆ ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಪರಿಸರ ಪಾಠದ ಹಿಂದೆ ಸುಪ್ರೀಂ ಕೋರ್ಟೇ ಇದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲೇ ನ್ಯಾಯಾಲಯ ಇದನ್ನು ಕಲಿಸಿ ಅಂದಿತು. ಅಂದರೆ ಇದು ಅಂಕಪಟ್ಟಿ ತುಂಬಿಸೋಕೆ ಹುಟ್ಟಿದ ವಿಷಯ ಅಲ್ಲ.

ಹಾಗಾದರೆ ಕಲಿತಿದ್ದಾರೆ ಅಂತ ಗೊತ್ತಾಗೋದು ಹೇಗೆ? ಎಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಒಂದು ಉತ್ತರ ಚೆನ್ನಾಗಿ ಪರಿಚಯ: ಸಿಓ-ಪಿಓ ಮ್ಯಾಪಿಂಗ್. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆಯಿತು. ಕಾಲೇಜುಗಳು ಕಲಿಕೆಯ ಫಲಿತಾಂಶ ತೋರಿಸಬೇಕು ಅನ್ನೋ ಒತ್ತಡ ಜೋರಾಯಿತು. ಪ್ರತಿ ಪೇಪರಿಗೆ ನಾಲ್ಕೈದು ಫಲಿತಾಂಶ, ಅಂದರೆ ಸಿಓ. ಇಡೀ ಪದವಿಗೆ ಹತ್ತು ಹನ್ನೆರಡು, ಅಂದರೆ ಪಿಓ. ಎರಡನ್ನೂ ಕೋಷ್ಟಕದಲ್ಲಿ ಕೂರಿಸಿ, ನಂಟು ಎಷ್ಟು ಗಟ್ಟಿ ಅಂತ 1, 2, 3 ಬರೆಯೋದು. ಆಮೇಲೆ ಪರೀಕ್ಷೆಯ ಅಂಕ ತಂದು ಎಕ್ಸೆಲ್‌ಗೆ ಸುರಿಯೋದು. ಅದು "ನೈತಿಕತೆ: 2.4" ಅಂತ ಉತ್ತರ ಕೊಡುತ್ತದೆ. ದಶಾಂಶ ಸಮೇತ!

ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರೋದು ಒಳಗೆ ಹೋದ ಅಂಕದಲ್ಲಿ. ಸಂವಿಧಾನದ ಪೇಪರನ್ನೇ ತಗೊಳ್ಳಿ. ಸಿಲಬಸ್ಸಿನಲ್ಲಿ "ಮೂಲಭೂತ ಹಕ್ಕುಗಳನ್ನು ವಿಶ್ಲೇಷಿಸಬಲ್ಲರು" ಅಂತ ಇರುತ್ತದೆ. ಪರೀಕ್ಷೆಯಲ್ಲಿ ಬರೋದು ಮಾತ್ರ "ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಯಾವ ವಿಧಿಯಲ್ಲಿದೆ?" ಅನ್ನೋ ನಾಲ್ಕು ಆಯ್ಕೆಯ ಪ್ರಶ್ನೆ. 21 ಅಂತ ಗುರುತು ಹಾಕಿದರೆ ಅಂಕ ಬಂತು. ಅದರ ಬದಲು ಹೀಗೆ ಕೇಳಿ: ರಾತ್ರಿ ಹನ್ನೊಂದಕ್ಕೆ ನಿನ್ನ ರೂಮ್‌ಮೇಟನ್ನು ಪೊಲೀಸರು ಬಂಧಿಸಿ ಕರ್ಕೊಂಡು ಹೋದರು, ಯಾಕೆ ಅಂತ ಹೇಳಲಿಲ್ಲ. ಬೆಳಗಾಗೋದರೊಳಗೆ ನೀನು ಏನು ಕೇಳ್ತೀಯ, ಯಾರನ್ನು ಕೇಳ್ತೀಯ? ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು 22ನೇ ವಿಧಿ. ವಿಧಿಯ ನಂಬರ್ ಮರೆತು, ಇದಿಷ್ಟನ್ನೂ ತನ್ನ ಮಾತಲ್ಲಿ ಬರೆದವನು ಕಲಿತಿದ್ದಾನೆ. ನಂಬರ್ ಗೊತ್ತಿದ್ದು ಸ್ಟೇಷನ್ ಬಾಗಿಲಲ್ಲಿ ಬಾಯಿ ಕಟ್ಟಿ ನಿಂತವನು ಪಾಸಾಗಿದ್ದಾನೆ, ಅಷ್ಟೇ.

ಅಮೆರಿಕದಲ್ಲಿ ಇಂಥ ಪರೀಕ್ಷೆಯನ್ನೇ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದರು. ಒಂದು ಕಂಪನಿ ಸಣ್ಣ ವಿಮಾನ ಖರೀದಿಸಲು ಹೊರಟಿದೆ, ಅದೇ ಮಾದರಿಯ ವಿಮಾನ ಈಗಷ್ಟೇ ಅಪಘಾತಕ್ಕೀಡಾಗಿದೆ. ವಿದ್ಯಾರ್ಥಿಯ ಮುಂದೆ ಪತ್ರಿಕಾ ವರದಿ, ಅಂಕಿಅಂಶ, ಇಮೇಲ್ ಎಲ್ಲ ಹರಡಿ, 90 ನಿಮಿಷದಲ್ಲಿ ಸಲಹಾ ಟಿಪ್ಪಣಿ ಬರಿ ಅನ್ನೋದು. ರಿಚರ್ಡ್ ಅರಮ್ ಮತ್ತು ಜೋಸಿಪಾ ರೋಕ್ಸಾ 24 ಕಾಲೇಜುಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ನೋಡಿ 2011ರಲ್ಲಿ ಪುಸ್ತಕ ಬರೆದರು. ಮೊದಲ ಎರಡು ವರ್ಷದಲ್ಲಿ ಶೇ. 45ರಷ್ಟು ಮಂದಿಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ! ದೊಡ್ಡ ಗದ್ದಲವಾಯಿತು. ಟೀಕೆಗಳೂ ಬಂದವು. ಈ ಪರೀಕ್ಷೆಯಿಂದ ವಿದ್ಯಾರ್ಥಿಗೆ ಏನೂ ಸಿಗಲ್ಲ, ಅವನು ಮನಸ್ಸಿಟ್ಟು ಯಾಕೆ ಬರೀತಾನೆ ಅನ್ನೋದು ಅದರಲ್ಲಿ ಒಂದು. ನ್ಯಾಯವಾದ ಮಾತೇ.

ಅದಕ್ಕೆ ಇನ್ನೊಂದು ದಾರಿಯೂ ಇದೆ. ಅಲ್ಲಿನ ಕಾಲೇಜುಗಳ ಒಕ್ಕೂಟವೊಂದು 2009ರಲ್ಲಿ 'ವ್ಯಾಲ್ಯೂ ರೂಬ್ರಿಕ್' ಅನ್ನೋ ಅಳತೆಗೋಲು ತಂದಿತು. ಹೊಸ ಪರೀಕ್ಷೆಯೇ ಬೇಡ. ತರಗತಿಗಾಗಿ ವಿದ್ಯಾರ್ಥಿ ಬರೆದ ಅಸೈನ್‌ಮೆಂಟನ್ನೇ ಎತ್ತಿಕೊಳ್ಳೋದು. ಸಾಕ್ಷ್ಯ ಬಳಸಿದ್ದಾನಾ, ಎದುರು ವಾದ ಪರಿಗಣಿಸಿದ್ದಾನಾ, ತೀರ್ಮಾನಕ್ಕೆ ಆಧಾರ ಇದೆಯಾ ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ 1ರಿಂದ 4ರವರೆಗೆ ಅಳೆಯೋದು. ಇಲ್ಲಿ ತೂಗೋದು ವಿದ್ಯಾರ್ಥಿಯನ್ನಲ್ಲ, ಪಾಠಕ್ರಮವನ್ನು. ನೂರಕ್ಕೆ 62 ಬಂತು ಅಂದರೆ ಎಲ್ಲಿ ಎಡವಿದರು ಅಂತ ಗೊತ್ತಾಗಲ್ಲ. ಎದುರು ವಾದದ ಸಾಲಿನಲ್ಲಿ ಇಡೀ ತರಗತಿ 1ರಲ್ಲೇ ನಿಂತಿದ್ದರೆ, ಮುಂದಿನ ಸೆಮಿಸ್ಟರ್ ಏನು ಬದಲಿಸಬೇಕು ಅಂತ ಮೇಷ್ಟ್ರಿಗೆ ಗೊತ್ತಾಗುತ್ತದೆ.

ಇದನ್ನು ಹೇಳಿದ ಕೂಡಲೇ ಬರೋ ಮಾತು, ಅತಿಥಿ ಉಪನ್ಯಾಸಕರನ್ನು ನಂಬಿ ನಡೆಯೋ ಕಾಲೇಜಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿ ಸ್ವಾಮಿ? ಎಲ್ಲರದ್ದೂ ಓದಬೇಕಿಲ್ಲ. ಮೊದಲ ವರ್ಷದವರ 50, ಕೊನೆಯ ವರ್ಷದವರ 50 ಬರಹಗಳನ್ನು ಚೀಟಿ ಎತ್ತಿ ಆರಿಸಿ. ಹೆಸರು, ರಿಜಿಸ್ಟರ್ ನಂಬರ್, ವರ್ಷ ಮುಚ್ಚಿ. ಬೇರೆ ವಿಭಾಗದ ಇಬ್ಬರು ಮೇಷ್ಟ್ರು ಪ್ರತ್ಯೇಕವಾಗಿ ಓದಲಿ, ಆಮೇಲೆ ಮುಚ್ಚಿದ್ದನ್ನು ತೆಗೆದು ನೋಡಲಿ. ಎರಡು ಮೂರು ದಿನದ ಕೆಲಸ. ತಪಾಸಣಾ ತಂಡ ಬರುತ್ತೆ ಅಂದಾಗ ಫೈಲುಗಳ ಸ್ಪೈರಲ್ ಬೈಂಡಿಂಗಿಗೇ ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.