ಯೆಜ್ಡಿ ಬಿಚ್ಚುವ ವಿದ್ಯೆ

ಯೆಜ್ಡಿ ಬೈಕಿನ ಎಡಗಡೆ ಕಾಲಿಗಿರುವುದು ಒಂದೇ ಲಿವರ್. ಮುಂದಕ್ಕೆ ಚಾಚಿಕೊಂಡಿದ್ದಾಗ ಅದು ಗೇರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಬದಲಿಸಲು ಅದನ್ನು ಕಾಲಲ್ಲಿ ಒತ್ತಿದ ಕೂಡಲೇ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯಲ್ಲಿ ಹಿಡಿಯದಿದ್ದರೂ ನಡೆಯುತ್ತದೆ. ಓಡಿಸುವವರಿಗೆ ಇದೆಲ್ಲ ರೂಢಿಯಾಗಿಬಿಟ್ಟಿರುತ್ತದೆ. ಎಡಗಡೆಯ ಕವರ್ ತೆಗೆದು, ಅಂಗೈಯಗಲದ ಜಾಗದಲ್ಲಿ ಈ ಮೂರೂ ಕೆಲಸ ಒಂದಕ್ಕೊಂದು ಅಡ್ಡ ಬರದೆ ಸಾಗುವುದನ್ನು ನೋಡಿದವರಿಗೆ ಮಾತ್ರ ಆ ಗಾಡಿಯ ಮೇಲೆ ಹೊಸದೊಂದು ಗೌರವ ಹುಟ್ಟುತ್ತದೆ. ಮನೆಯಂಗಳದಲ್ಲೋ ಶೆಡ್ಡಿನಲ್ಲೋ ಕೂತು ಹಳೆಯ ಬೈಕನ್ನು ಬಿಚ್ಚಿ, ತಮಗೆ ಬೇಕಾದ ಹಾಗೆ ಮತ್ತೆ ಕಟ್ಟುವವರು ನನಗೆ ಇಷ್ಟವಾಗುವುದು ಇದಕ್ಕೆ. ಅವರ ಕೆಲಸದಲ್ಲಿ ಕಟ್ಟುವುದಕ್ಕಿಂತ ಬಿಚ್ಚುವುದೇ ದೊಡ್ಡ ವಿದ್ಯೆ.

ಈ ಗಾಡಿ ನಮ್ಮ ಮೈಸೂರಿನದು. ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ರುಸ್ತುಂ ಇರಾನಿಯವರು ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದ್ದು ಯಾದವಗಿರಿಯಲ್ಲಿ. 1961ರಲ್ಲಿ ಅಲ್ಲಿಂದ ಬೈಕುಗಳು ಹೊರಬರಲು ಶುರುವಾದವು. ಮೊದಲು ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ಕಂಪನಿಯ ಕೈಯಲ್ಲಿ ಮರಳಿ ಬಂದಿವೆ. ರೂಪ ಹಳೆಯದನ್ನೇ ನೆನಪಿಸುತ್ತದೆ, ಆದರೆ ಒಳಗಿರುವುದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್, ಫ್ಯೂಯೆಲ್ ಇಂಜೆಕ್ಷನ್, ಅದನ್ನು ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಈ ಹೊಸ ಗಾಡಿಗಳಲ್ಲಿ ಮನೆಯಲ್ಲಿ ಮಾಡಬಹುದಾದದ್ದು ಸೀಟು, ಹ್ಯಾಂಡಲ್, ಮಡ್‌ಗಾರ್ಡ್, ಬಣ್ಣದ ಕೆಲಸ. ಎಂಜಿನ್ನಿನ ಕೊನೆಯ ಬೇರಿಂಗ್‌ವರೆಗೂ ಒಬ್ಬರೇ ಕೂತು ಇಳಿಯಬಹುದಾದದ್ದು ಹಳೆಯ ಗಾಡಿಯಲ್ಲಿ.

ಹಳೆಯದು ಟೂ ಸ್ಟ್ರೋಕ್, ಒಂದೇ ಸಿಲಿಂಡರು, ಎರಡು ಸೈಲೆನ್ಸರ್. ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟ್‌ಗಳನ್ನು ಮುಚ್ಚಿ ತೆರೆಯುತ್ತದೆ. ಬಿಡಿಭಾಗಗಳು ಕಡಿಮೆ ಎಂದಮಾತ್ರಕ್ಕೆ ಕೆಲಸ ಸುಲಭವಲ್ಲ. ಪೆಟ್ರೋಲು, ಗಾಳಿ, ಎಣ್ಣೆಯ ಮಿಶ್ರಣ ಸಿಲಿಂಡರಿಗೆ ಹೋಗುವ ಮುನ್ನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಿಸಿಕೊಂಡು ಮೇಲೇರುತ್ತದೆ. ಅಂದರೆ ಕ್ರ್ಯಾಂಕ್ ಕೇಸೂ ಒಂದು ಪಂಪು. ಅದಕ್ಕೆ ಎಲ್ಲಿಂದಲೂ ಗಾಳಿ ಸೋರಬಾರದು. ಟೂ ಸ್ಟ್ರೋಕ್ ಬಿಚ್ಚುವವರು ಪಡುವ ಎಚ್ಚರದಲ್ಲಿ ಮುಕ್ಕಾಲು ಪಾಲು ಈ ಒಂದು ಕಾರಣಕ್ಕೆ.

ಕೆಲಸ ಶುರುವಾಗುವುದು ಸ್ಪ್ಯಾನರಿನಿಂದಲ್ಲ, ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ. ವರ್ಷಗಟ್ಟಲೆಯ ಜಿಡ್ಡು, ಮಣ್ಣು ಹೋಗದೆ ಯಾವ ಸ್ಕ್ರೂ ಎಲ್ಲಿದೆ ಎಂಬುದೇ ಕಾಣದು, ಎಂಜಿನ್ ತೆರೆದಾಗ ಆ ಮಣ್ಣು ಒಳಗೇ ಬೀಳುತ್ತದೆ. ಆಮೇಲೆ ಫೋಟೋ. ಕೇಬಲ್ಲು ಫ್ರೇಮಿನ ಯಾವ ಪಕ್ಕದಿಂದ ಬಂದಿದೆ, ಯಾವ ವಾಷರ್ ಒಳಗೆ, ಯಾವುದು ಹೊರಗೆ, ಸ್ಪ್ರಿಂಗಿನ ಕೊಕ್ಕೆ ಯಾವ ಕಡೆಗೆ, ಎಲ್ಲವೂ ಚಿತ್ರದಲ್ಲಿರಬೇಕು. ಮೊಬೈಲ್ ಬರುವ ಮುಂಚಿನ ಮೆಕ್ಯಾನಿಕ್ಕುಗಳು ಇದಕ್ಕೆ ಮಾಡುತ್ತಿದ್ದ ಉಪಾಯ ಇವತ್ತಿಗೂ ಫೋಟೋಗಿಂತ ಮೇಲು ಎಂದೇ ನನಗನಿಸುತ್ತದೆ: ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದದೇ ಜಾಗದಲ್ಲಿ ಚುಚ್ಚಿಡುವುದು. ಒಂದೇ ಕವರಿನಲ್ಲಿ ಉದ್ದದ ಸ್ಕ್ರೂ, ಗಿಡ್ಡ ಸ್ಕ್ರೂ ಎರಡೂ ಇರುತ್ತವೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅದು ತಳಕ್ಕೆ ತಾಗಿ ಅಲ್ಯೂಮಿನಿಯಮ್ ಬಿರುಕು ಬಿಡಬಹುದು.

ಆ ಸ್ಕ್ರೂಗಳೇ ಮೊದಲ ಪರೀಕ್ಷೆ. ಕಬ್ಬಿಣದ ಸ್ಕ್ರೂ, ಅಲ್ಯೂಮಿನಿಯಮ್ ಕೇಸು. ದಶಕಗಳ ಮಳೆಗಾಲದಲ್ಲಿ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸಾಮಾನ್ಯ ಸ್ಕ್ರೂ ಡ್ರೈವರ್ ಇಟ್ಟು ಬಲ ಹಾಕಿದರೆ ತಲೆಯ ಗೀರು ಸವೆದು ಬೋಳಾಗುತ್ತದೆ. ಬಲ್ಲವರು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರುತ್ತಾರೆ, ಬೆಳಗ್ಗೆ ಇಂಪ್ಯಾಕ್ಟ್ ಡ್ರೈವರ್ ಹಿಡಿಯುತ್ತಾರೆ. ಅದರ ಬೆನ್ನಿಗೆ ಸುತ್ತಿಗೆಯಿಂದ ಹೊಡೆದರೆ ಬಿಟ್ ಒಳಕ್ಕೆ ಒತ್ತಿಕೊಂಡೇ ತಿರುಗುತ್ತದೆ, ಜಾರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಶಾಖ. ಒಂದೇ ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಕೇಸು ಕಾಯಿಸಿದರೆ ಸ್ಕ್ರೂವಿನ ಸುತ್ತ ಕೂದಲೆಳೆಯಷ್ಟು ಜಾಗ ಸಿಗುತ್ತದೆ, ಅಷ್ಟು ಸಾಕು. ಇದೇ ಗುಣ ಮುಂದೆ ಬೇರಿಂಗ್ ತೆಗೆಯುವಾಗಲೂ ಕೈಹಿಡಿಯುತ್ತದೆ. ಸುತ್ತಿಗೆಯಲ್ಲಿ ಜಜ್ಜಿದರೂ ಅಲುಗದ ಬೇರಿಂಗ್, ಕೇಸನ್ನು ಓವನ್ನಿನಲ್ಲಿ ಸುಮಾರು 100 ಡಿಗ್ರಿಗೆ ಕಾಯಿಸಿ ಮರದ ಹಲಗೆಯ ಮೇಲೆ ಮೆಲ್ಲಗೆ ಕುಟ್ಟಿದರೆ ತಾನೇ ಉದುರುತ್ತದೆ. ಹೊಸ ಬೇರಿಂಗನ್ನು ಫ್ರಿಜ್ಜಿನ ಫ್ರೀಜರಿನಲ್ಲಿಟ್ಟು, ಬಿಸಿ ಕೇಸಿಗೆ ಇಳಿಸಿದರೆ ಬೆರಳಿನ ಒತ್ತಡಕ್ಕೇ ಕೂರುತ್ತದೆ. ಬಲದ ಜಾಗಕ್ಕೆ ಶಾಖವನ್ನು ತರುವ ಈ ಜಾಣ್ಮೆ ಎಷ್ಟು ಸಲ ನೋಡಿದರೂ ನನಗೆ ಹಳತಾಗುವುದಿಲ್ಲ.

ಎಡಗಡೆಯ ಕ್ಲಚ್ ತೆಗೆಯಲು ಸಾಮಾನ್ಯ ಸ್ಪ್ಯಾನರ್ ಸೆಟ್ ಸಾಲದು. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಒಳಚೈನಿಗೆ ಲಾಕ್ ಇಲ್ಲ, ಆದ್ದರಿಂದ ಕ್ಲಚ್ಚನ್ನೂ ಎಂಜಿನ್ ಸ್ಪ್ರಾಕೆಟ್ಟನ್ನೂ ಒಟ್ಟಿಗೇ ಎಳೆದು ತೆಗೆಯಬೇಕು. ಸ್ಪ್ರಾಕೆಟ್ಟು ಕೂತಿರುವುದು ಕ್ರ್ಯಾಂಕಿನ ಟೇಪರ್ ಮೇಲೆ, ಅದಕ್ಕೆ ಪುಲ್ಲರೇ ಬೇಕು. ಹಿಂದಿನಿಂದ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಕೇಸಿನ ಅಂಚು ಒಡೆಯುವುದು ಖಂಡಿತ. ಪುಲ್ಲರ್ ಕೊಳ್ಳಬಹುದು, ಅಳತೆ ಕೊಟ್ಟು ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಲೂಬಹುದು. ಇಂಥ ಒಂದೊಂದೇ ಸಾಧನ ಸೇರಿಸಿಕೊಂಡು ಬೆಳೆದ ಮನೆಯ ಟೂಲ್ ಬಾಕ್ಸ್ ನೋಡಿದರೆ ಅದರ ಒಡೆಯರು ಎಷ್ಟು ಆಳಕ್ಕೆ ಇಳಿದಿದ್ದಾರೆಂದು ತಿಳಿಯುತ್ತದೆ.

ಹೆಡ್ಡು, ಬೋರು ಎತ್ತಿದ ಮೇಲೆ ಪಿಸ್ಟನ್ ಕೈಗೆ ಬರುತ್ತದೆ. ಇಲ್ಲಿ ಅವಸರ ಬೇಡ, ಏಕೆಂದರೆ ಗಾಡಿ ಇಷ್ಟು ವರ್ಷ ಹೇಗೆ ಬಾಳಿತು ಎಂಬುದು ಪಿಸ್ಟನ್ನಿನ ಮೈಮೇಲೆ ಬರೆದಿರುತ್ತದೆ. ತಲೆಯ ಮೇಲೆ ದಪ್ಪ ಕರಿ ಕಟ್ಟಿದ್ದರೆ ಎಣ್ಣೆ ಹೆಚ್ಚಾಗಿತ್ತು ಅಥವಾ ಕಾರ್ಬ್ಯುರೇಟರ್ ಪೆಟ್ರೋಲು ಹೆಚ್ಚು ಕುಡಿಸುತ್ತಿತ್ತು. ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಗೀರುಗಳಿದ್ದರೆ ಎಂದೋ ಒಮ್ಮೆ ಎಂಜಿನ್ ಸೀಜ್ ಆಗಿದೆ. ರಿಂಗಿನ ಕೆಳಗೆ ಕಂದು ಕಲೆ ಹರಡಿದ್ದರೆ ಉರಿಯುವ ಅನಿಲ ರಿಂಗು ದಾಟಿ ಇಳಿಯುತ್ತಿದೆ. ಟೂ ಸ್ಟ್ರೋಕ್ ಪಿಸ್ಟನ್ನಿನ ರಿಂಗುಗಳು ಸುತ್ತಲೂ ತಿರುಗುವಂತಿಲ್ಲ. ತಿರುಗಿದರೆ ಅವುಗಳ ತುದಿ ಪೋರ್ಟಿಗೆ ಸಿಕ್ಕಿ ತುಂಡಾಗುತ್ತದೆ. ಅದಕ್ಕೆಂದೇ ರಿಂಗ್ ಕೂರುವ ತೋಡಿನಲ್ಲಿ ಒಂದು ಪುಟ್ಟ ಪಿನ್ ಇರುತ್ತದೆ, ರಿಂಗಿನ ಎರಡು ತುದಿ ಅದನ್ನು ತಬ್ಬಿ ನಿಲ್ಲಬೇಕು. ಕಾಳುಮೆಣಸಿಗಿಂತ ಚಿಕ್ಕದಾದ ಆ ಪಿನ್ನಿನ ಮೇಲೆ ಇಡೀ ಎಂಜಿನ್ನಿನ ಆಯುಸ್ಸು ನಿಂತಿದೆ.

ಬೋರು ಎರಕದ ಕಬ್ಬಿಣದ್ದು, ಮೂಲ ಅಳತೆ 65 ಮಿಲಿಮೀಟರ್. ಸವೆದಿದ್ದರೆ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಇದು ಮನೆಯ ಕೆಲಸವಲ್ಲ, ಬೋರಿಂಗ್ ಮಶೀನಿನದು. ಆದರೆ ಎರಡು ಮಾತು ಗಾಡಿ ಕಟ್ಟುವವರೇ ನೆನಪಿಡಬೇಕು. ಒಂದು, ಪಿಸ್ಟನ್ ಮೊದಲು ಕೊಂಡು, ಅದನ್ನೇ ಅಳೆದು ಬೋರ್ ಹೊಡೆಸಬೇಕು; ಪೆಟ್ಟಿಗೆಯ ಮೇಲೆ ಅಚ್ಚಾದ ಅಳತೆ ನಂಬುವಂತಿಲ್ಲ. ಇನ್ನೊಂದು, ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚು ಬ್ಲೇಡಿನಂತಾಗಿರುತ್ತದೆ, ಅದನ್ನು ಮೊಂಡು ಮಾಡಿಸದೆ ತರಬಾರದು.

ಆಯಿಲ್ ಸೀಲುಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕ್ರ್ಯಾಂಕಿನ ಎರಡು ಬದಿಯಲ್ಲೂ ರಬ್ಬರಿನ ಸೀಲ್ ಇದೆ. ಕ್ಲಚ್ ಕಡೆಯದು ಹೋದರೆ ಎಂಜಿನ್ ಆ ಕಡೆಯ ಎಣ್ಣೆಯನ್ನು ಹೀರಿಕೊಂಡು ಬಿಳಿ ಹೊಗೆ ಕಾರುತ್ತದೆ. ಡೈನಮೋ ಕಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಮಿತಿಮೀರಿ ಕಾಯುತ್ತದೆ. ಕಾರ್ಬ್ಯುರೇಟರನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ. ನೂರಿನ್ನೂರು ರೂಪಾಯಿಯ ಸೀಲನ್ನು ಹೇಗಿದ್ದರೂ ಬಿಚ್ಚಿದಾಗ ಬದಲಿಸಿಬಿಡುವುದೇ ಸರಿ. ಕೇಸಿನ ಎರಡು ಹೋಳು ಕೂಡುವ ಮುಖವನ್ನು ಹಳೆಯ ಪ್ಯಾಕಿಂಗ್ ಕೆರೆಯುವ ನೆಪದಲ್ಲಿ ಬ್ಲೇಡಿನಿಂದ ಗೀಚಬಾರದು.

ಬಲಗಡೆ ಡೈನಮೋ, ಅದರ ಜೊತೆಗೆ ಕಿಡಿಯ ಕ್ಷಣ ನಿರ್ಧರಿಸುವ ಪಾಯಿಂಟು. ಪಿಸ್ಟನ್ ತುತ್ತತುದಿ ಮುಟ್ಟಲು ಇನ್ನೂ ಮೂರು ಮಿಲಿಮೀಟರಿನ ಆಸುಪಾಸು ಇರುವಾಗಲೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ನಿಖರ ಅಂಕಿ ಆಯಾ ಮಾಡೆಲಿನ ಮ್ಯಾನ್ಯುಯಲ್ಲಿನಲ್ಲಿದೆ. ಇದನ್ನು ಹಿಡಿಯುವ ಹಳೆಯ ಕ್ರಮ ಸೊಗಸಾದದ್ದು. ಪ್ಲಗ್ಗಿನ ತೂತಿನಿಂದ ಡೆಪ್ತ್ ಗೇಜ್ ಇಳಿಸಿ ಪಿಸ್ಟನ್ನನ್ನು ಆ ಜಾಗಕ್ಕೆ ತರುತ್ತಾರೆ. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಪ್ಲೇಟನ್ನು ಸರಿಸುತ್ತಾರೆ. ಬಿಗಿಯಾಗಿ ಹಿಡಿದಿದ್ದ ಕಾಗದ ಯಾವ ಕ್ಷಣದಲ್ಲಿ ಜಾರಿತೋ ಅದೇ ಪಾಯಿಂಟ್ ತೆರೆಯುವ ಕ್ಷಣ, ಅದೇ ಕಿಡಿ ಹಾರುವ ಕ್ಷಣ. ಇದನ್ನು ಹಿಡಿಯಲು ವಿದ್ಯುತ್ತು ಬೇಡ, ಮೀಟರ್ ಬೇಡ, ಬೆರಳಿನ ಸೂಕ್ಷ್ಮ ಸಾಕು.

ಇಷ್ಟೆಲ್ಲ ಆಗುವಾಗ ಫ್ರೇಮ್ ಬೆತ್ತಲೆ ನಿಂತಿರುತ್ತದೆ. ರೂಪ ಬದಲಿಸುವ ಆಸೆ ಹುಟ್ಟುವುದೇ ಆಗ. ಲಂಡನ್ನಿನ ಏಸ್ ಕೆಫೆಯ ಸುತ್ತ ಐವತ್ತು, ಅರವತ್ತರ ದಶಕದ ಹುಡುಗರು ಬೆಳೆಸಿದ ಕೆಫೆ ರೇಸರ್ ಶೈಲಿ ಇವತ್ತಿಗೂ ಎಲ್ಲರ ಕಣ್ಣಿಗೆ ಹಬ್ಬ: ತಗ್ಗಿದ ಹ್ಯಾಂಡಲ್, ಒಂಟಿ ಸೀಟು, ಬಾಲದಲ್ಲಿ ಗೂನು. ಎತ್ತರದ ಹ್ಯಾಂಡಲ್, ಗಟ್ಟಿ ಗುಬಟೆ ಟೈರಿನ ಸ್ಕ್ರ್ಯಾಂಬ್ಲರ್ ರೂಪ ಯೆಜ್ಡಿಯ ರೋಡ್‌ಕಿಂಗ್ ಮಾಡೆಲಿಗೆ ಚೆನ್ನಾಗಿ ಒಪ್ಪುತ್ತದೆ, ಅದರ 18 ಇಂಚಿನ ಗಾಲಿಗೆ ಆ ಗತ್ತಿದೆ. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಏನನ್ನಾದರೂ ಬದಲಿಸಿ, ಫ್ರೇಮ್ ಮಾತ್ರ ಕತ್ತರಿಸಬೇಡಿ. ಯಾದವಗಿರಿಯಿಂದ ಇನ್ನೊಂದು ಫ್ರೇಮ್ ಬರುವುದಿಲ್ಲ. ಬೋಲ್ಟಿನಲ್ಲಿ ಕೂತದ್ದನ್ನು ತೆಗೆದು ಬೋಲ್ಟಿನಲ್ಲೇ ಇನ್ನೊಂದನ್ನು ಕೂರಿಸುವ ಬದಲಾವಣೆಯೇ ಉತ್ತಮ ಕಲೆ, ಬೇಕಾದಾಗ ಗಾಡಿ ಮೂಲರೂಪಕ್ಕೆ ಮರಳಬಲ್ಲದು. ಕಾನೂನೂ ಇದರ ಕಡೆಗೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಏರಿಸಿಕೊಳ್ಳಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ, ಆಗ ಫ್ರೇಮಿನ ಮೇಲಿನ ಚಾಸಿ ನಂಬರ್ ಅಧಿಕಾರಿಗಳ ಕಣ್ಣಿಗೆ ಬೀಳುತ್ತದೆ.

ಸೈಲೆನ್ಸರಿಗೆ ಕೈ ಹಾಕುವವರಿಗೂ ಒಂದು ಮಾತು. ಟೂ ಸ್ಟ್ರೋಕಿನಲ್ಲಿ ಅದು ಬರೀ ಸದ್ದಡಗಿಸುವ ಕೊಳವೆಯಲ್ಲ. ಹೊರಗೆ ಹೋದ ಒತ್ತಡದ ಅಲೆಯ ಒಂದು ಪಾಲು ತಿರುಗಿ ಬಂದು, ಸಿಲಿಂಡರಿನಿಂದ ಹೊರಗೆ ತಪ್ಪಿಸಿಕೊಳ್ಳುತ್ತಿದ್ದ ಹೊಸ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ಗುಡುಗಿನ ಸದ್ದು ಬೇಕೆಂದು ಒಳಗಿನ ಬ್ಯಾಫಲ್ ಕಿತ್ತರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಬ್ಯಾಫಲ್ ಕಿತ್ತೆಸೆಯದೆ, ಅದರ ಕರಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ತೊಳೆದು ಮತ್ತೆ ಕೂರಿಸಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಅದೇ ಬಕೆಟ್ಟಿಗೆ ಅಲ್ಯೂಮಿನಿಯಮ್ ಭಾಗ ಯಾವುದನ್ನೂ ಹಾಕಬಾರದು, ಕರಗಿಹೋಗುತ್ತದೆ.

ಬಣ್ಣದ ಕೆಲಸದಲ್ಲಿ ಜಾವಾ ಟ್ಯಾಂಕಿಗೆ ಸಾಟಿಯಿಲ್ಲ: ಪಕ್ಕದಲ್ಲಿ ಕ್ರೋಮ್, ಮೇಲೆ ಕೆಂಗಂದು, ಎರಡರ ಗಡಿಯಲ್ಲಿ ಬಂಗಾರದ ಗೆರೆ. ಆ ಗೆರೆಯನ್ನು ಸ್ಟಿಕ್ಕರ್ ಅಂಟಿಸಿ ಮುಗಿಸುವವರಿದ್ದಾರೆ. ಉದ್ದ ಕೂದಲಿನ ಬ್ರಷ್ಷಿನಲ್ಲಿ ಒಂದೇ ಉಸಿರಿಗೆ ಎಳೆಯುವ ಪೇಂಟರುಗಳು ಇನ್ನೂ ಅಲ್ಲಲ್ಲಿ ಇದ್ದಾರೆ, ಅವರನ್ನು ಹುಡುಕಿಕೊಂಡು ಹೋಗುವ ಶ್ರಮ ಸಾರ್ಥಕ. ಟ್ಯಾಂಕಿನ ಒಳಗಿನ ತುಕ್ಕನ್ನು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ ಬಿಡಿಸುತ್ತಾರೆ. ಹಳೆಯ ಪೆಟ್ರೋಲ್ ಟ್ಯಾಂಕನ್ನು, ಅದು ಒಣಗಿದಂತೆ ಕಂಡರೂ, ಮನೆಯಲ್ಲಿ ವೆಲ್ಡ್ ಮಾಡಲು ಹೋಗಬಾರದು. ಒಳಗಿನ ಆವಿ ಸಿಡಿಯುತ್ತದೆ.

ಜೋಡಣೆ ಮುಗಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯುತ್ತಾರೆ. ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ ಬೆರೆಸಿ ಮೊದಲ ಕಿಕ್. ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಹೆಡ್ಡಿನ ಬಿಗಿಯನ್ನು ಮತ್ತೊಮ್ಮೆ ನೋಡಬೇಕು. ಹೊಸ ಬೋರಿನ ಗಾಡಿಯನ್ನು ಮೊದಮೊದಲು ಉಬ್ಬಿನಲ್ಲಿ ಎಳೆಸಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಲೂಬಾರದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿಯೇ ಬಿಟ್ಟರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಲ್ಲುತ್ತದೆ, ಆಗಾಗ ಸ್ವಲ್ಪ ತೆರೆದು ಪಿಸ್ಟನ್ನಿಗೆ ಎಣ್ಣೆ ಕೊಡುತ್ತಿರಬೇಕು. ಕೆಲವು ಕಿಲೋಮೀಟರ್ ಓಡಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಓಡಿಸುವುದನ್ನು ಅಲ್ಲೇ ನಿಲ್ಲಿಸಿ, ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ಕಪ್ಪಗೆ ಒದ್ದೆಯಾಗಿದ್ದರೆ ಕಾರ್ಬ್ಯುರೇಟರಿನ ಸೂಜಿಯನ್ನು ಒಂದು ಕಚ್ಚು ಕೆಳಗಿಳಿಸಿ. ಬಿಸ್ಕತ್ತಿನ ಕಂದು ಬಣ್ಣ ಬಂದಿದ್ದರೆ ಪ್ಲಗ್ ಹಾಕಿ ಮುಂದಕ್ಕೆ ಹೊರಡಬಹುದು.