ಎರಡು ಭಾಷೆಯಲ್ಲಿ ಬಂದ ಒಂದೇ ಸುಳ್ಳು



ಮದ್ದೂರು, ನಾರಾಯಣಪೇಟೆ, ಮಕ್ತಲ್ ಕಡೆಯ ಕನ್ನಡ ಮನೆಗಳಿಗೆ ಸುದ್ದಿ ಎರಡು ದಾರಿಯಿಂದ ಬರುತ್ತದೆ. ಹೈದರಾಬಾದಿನವರು ತೆಲುಗಿನಲ್ಲಿ ಕಳಿಸುತ್ತಾರೆ. ರಾಯಚೂರು, ಯಾದಗಿರಿಯ ನೆಂಟರು ಕನ್ನಡದಲ್ಲಿ ಕಳಿಸುತ್ತಾರೆ. ಒಂದೇ ಮಾತು ಎರಡು ಭಾಷೆಯಲ್ಲಿ ಬಂದರೆ ಇಬ್ಬರು ಸಾಕ್ಷಿ ನುಡಿದಂತೆ ನಂಬಿಬಿಡುತ್ತೇವೆ. ಆದರೆ ಅನೇಕ ಸಲ ಅದು ಒಬ್ಬನ ಮಾತಿನ ತರ್ಜುಮೆ ಮಾತ್ರ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸಾಪ್ ಮೂಲಕ ಹಲವು ಭಾಷೆಗಳಲ್ಲಿ ಹಬ್ಬಿತು. ಜೊತೆಗೆ ಹರಿದಾಡಿದ ಒಂದು ವಿಡಿಯೋದಲ್ಲಿ ಮೋಟರ್ ಸೈಕಲ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ತಯಾರಿಸಿದ ಪ್ರಚಾರ ಚಿತ್ರ. ಸವಾರರು ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಅದೇ ವರ್ಷ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಕಳ್ಳರೆಂಬ ಸಂದೇಶ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ಸೇರಿತ್ತು. ಅಲ್ಲಿ ಗುಂಪು ಅವರನ್ನು ತಡೆದು ಹೊಡೆಯಿತು. ಒಬ್ಬ ಯುವಕ ಪ್ರಾಣ ಕಳೆದುಕೊಂಡ.

ನಮ್ಮ ನೆರೆಯ ಗದ್ವಾಲದಲ್ಲೂ ಅದೇ ಭಯವಿತ್ತು. ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುತ್ತಿದ್ದ ಜನ ಒಳಗೆ ಚಿಲಕ ಹಾಕಿಕೊಂಡರು. ಆಗಿನ ಪೊಲೀಸ್ ವರಿಷ್ಠಾಧಿಕಾರಿ ರೆಮಾ ರಾಜೇಶ್ವರಿ ಅವರು ಹಳ್ಳಿಗಳಿಗೆ ಪೇದೆಗಳನ್ನು ಕಳಿಸಿದರು. ಹಲಗೆ ಬಾರಿಸಿ, ಹಾಡು ಕಟ್ಟಿ, ಮನೆ ಮನೆಗೆ ಹೋಗಿ ತಿಳಿಹೇಳಿದರು. ಕಾನೂನಿನ ಬೆದರಿಕೆಗಿಂತ ಪರಿಚಿತ ಮುಖವೊಂದು ಊರಿಗೆ ಬಂದು ಹೇಳಿದ ಮಾತು ಜನರಿಗೆ ಹೆಚ್ಚು ಮುಟ್ಟಿತು.

ಈ ಕೆಲಸ ನಾವೂ ಮಾಡಬಹುದು. ಶಿಕ್ಷಕರೇ, ಇಂಥ ಒಂದು ಸಂದೇಶವನ್ನು ಕರಿಹಲಗೆಯ ಮೇಲೆ ಒಂದು ಕಡೆ ತೆಲುಗಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ ಬರೆಯಿರಿ. ಯಾವ ಊರು, ಯಾವ ದಿನ, ಕಂಡವರು ಯಾರು ಎಂದು ಮಕ್ಕಳನ್ನೇ ಕೇಳಿರಿ. ಎರಡು ಕಡೆಯೂ ಉತ್ತರ ಸಿಗದಿದ್ದರೆ ಆ ಸುದ್ದಿಗೆ ಬುಡವಿಲ್ಲವೆಂದು ಅವರೇ ಹೇಳುತ್ತಾರೆ.

ತಾಯಿ ತಂದೆಯರೇ, "ಇದನ್ನು ಯಾರು ನೋಡಿದರು?" ಎಂದು ಮಗು ಕೇಳಿದರೆ ಗದರಿಸಬೇಡಿರಿ. ಊರಿನ ಹಿರಿಯರೇ, ಸುದ್ದಿಯಲ್ಲಿ ಊರಿನ ಹೆಸರಿದ್ದರೆ ಅಲ್ಲಿಯ ಬೀಗರಿಗೊಂದು ಫೋನು ಮಾಡಿ ವಿಚಾರಿಸಿರಿ. ಗಡಿಯ ಎರಡೂ ಕಡೆ ನಮಗೆ ನೆಂಟರಿದ್ದಾರೆ, ಎರಡೂ ಮಾತು ಬರುತ್ತದೆ. ಈ ಅನುಕೂಲ ಎಲ್ಲರಿಗೂ ಇಲ್ಲ. ಅಪರಿಚಿತರ ಮೇಲೆ ನಿಜವಾಗಿ ಸಂಶಯ ಬಂದರೆ ಕೈ ಎತ್ತದೆ 112ಕ್ಕೆ ತಿಳಿಸಿರಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಾಣದೆ, ಬರೀ ಫೋನಿನಲ್ಲಿ ಓದಿದ್ದನ್ನು ಇನ್ನೆಷ್ಟು ಪ್ರಮಾಣಿಸಬೇಕು, ನೀವೇ ಹೇಳಿರಿ.