ಮಣಿಕಟ್ಟಿನ ಗಡಿಯಾರವೂ ರಕ್ತದೊತ್ತಡವೂ

ಮಣಿಕಟ್ಟಿನ ಗಡಿಯಾರವು 120/80 ಎಂದು ತೋರಿತೆಂದು ತಾವು ಮಾತ್ರೆಯನ್ನು ನಿಲ್ಲಿಸೀರಿ, ಜೋಕೆ! 1905ರಲ್ಲಿ ರಷ್ಯದ ಕೊರೊಟ್ಕಾಫ್ ತೋರಿಸಿಕೊಟ್ಟ ಕ್ರಮದಂತೆ, ವೈದ್ಯರು ತೋಳಿಗೆ ಪಟ್ಟಿ ಬಿಗಿದು ಧಮನಿಯನ್ನು ಅದುಮಿ, ಮೆಲ್ಲನೆ ಗಾಳಿ ಬಿಡುತ್ತ ಅದರ ಸದ್ದನ್ನು ಆಲಿಸಿ ಅಳೆಯುವರು. ಇಂದಿನ ಹೆಚ್ಚಿನ ಗಡಿಯಾರಗಳು ಅದುಮುವುದೇ ಇಲ್ಲ; ಚರ್ಮದೊಳಕ್ಕೆ ಬೆಳಕು ಹಾಯಿಸಿ, ನಾಡಿಯ ಅಲೆಯ ಆಕಾರದಿಂದ ಒತ್ತಡವನ್ನು ಲೆಕ್ಕಹಾಕುತ್ತವೆ. ಹೊಗೆ ಕಂಡು ಬೆಂಕಿಯನ್ನು ಊಹಿಸಿದಂತೆ. ತಾರ್ಕಿಕರ ಮಾತಿನಲ್ಲಿ ಇದು ಅನುಮಾನ, ಪ್ರತ್ಯಕ್ಷವಲ್ಲ. ಆದ್ದರಿಂದಲೇ ಸ್ಯಾಮ್‌ಸಂಗ್ ಗಡಿಯಾರವನ್ನು 28 ದಿನಗಳಿಗೊಮ್ಮೆ ತೋಳುಪಟ್ಟಿಯ ಯಂತ್ರದೊಡನೆ ತಾಳೆ ನೋಡಿ ಸರಿಪಡಿಸಬೇಕೆಂದು ತಯಾರಕರೇ ವಿಧಿಸಿದ್ದಾರೆ. ಔಷಧಿಯ ಪ್ರಶ್ನೆ ಬಂದಾಗ ಐದು ನಿಮಿಷ ಸುಮ್ಮನೆ ಕುಳಿತು ತೋಳುಪಟ್ಟಿಯಿಂದಲೇ ನೋಡಿಸಿರಿ. ತೋಳು ಎದೆಯ ಮಟ್ಟದಲ್ಲಿರಲಿ. ಅದು 10 ಸೆಂಟಿಮೀಟರು ತಗ್ಗಿದರೂ ಒತ್ತಡವು ಪಾದರಸದ ಸುಮಾರು 8 ಮಿಲಿಮೀಟರಿನಷ್ಟು ಹೆಚ್ಚಾಗಿ ಕಾಣುತ್ತದೆ.